ನಾಲ್ಕು ಗಂಟೆಯ ಉಡಿ

ನಮ್ಮ ಮನೆಯಲ್ಲಿ ಒಂದು ಖಣವಿದೆ. ಗುಳೇದಗುಡ್ಡದ್ದು, ಹಸಿರು ಮೈ, ಕೆಂಪು ದಡಿ. ಕುಪ್ಪಸ ಹೊಲಿಸಲೆಂದು ನೇಯ್ದದ್ದು, ಆದರೆ ಕುಪ್ಪಸವಾಗುವ ಯೋಗ ಅದರ ಹಣೆಯಲ್ಲಿ ಬರೆದಿಲ್ಲ. ಹೋದ ಶ್ರಾವಣದಿಂದ ದಿನಕ್ಕೊಂದು ಸಲ ನಾನದನ್ನು ಒಬ್ಬರಿಗೇ ಕೊಡುತ್ತಿದ್ದೇನೆ. ಕಾಲು ಗಂಟೆಯಲ್ಲಿ ಅವರಿಂದಲೇ ಅದು ವಾಪಸು ಬರುತ್ತದೆ. ಕಪಾಟಿನಲ್ಲಿಟ್ಟು ಮರುದಿನ ಮತ್ತೆ ಕೊಡುತ್ತೇನೆ. ಮಡಿಕೆ ಕೂತ ಕಡೆಯೆಲ್ಲ ಬಣ್ಣ ಹೋಗಿ ಬಿಳಿ ಗೆರೆ ಬಿದ್ದಿದೆ. ಇಡೀ ಬಾಗಲಕೋಟೆ ಜಿಲ್ಲೆಯಲ್ಲಿ ಇಷ್ಟು ಸಲ ದಾನವಾದ ಖಣ ಇನ್ನೊಂದಿದ್ದರೆ ಯಾರಾದರೂ ತಂದು ತೋರಿಸಲಿ.

ಖಣ ತಿರುಗುವುದು ಹೊಸದೇನಲ್ಲ ಬಿಡಿ. ನಮ್ಮ ಕಡೆ ಮುತ್ತೈದೆಯೊಬ್ಬಳು ಮನೆಗೆ ಬಂದು ಹೊರಟಳೆಂದರೆ ಬರಿಗೈಲಿ ಕಳಿಸುವಂತಿಲ್ಲ. ಕುಂಕುಮ ಹಚ್ಚಿ, ಸೆರಗು ಒಡ್ಡಿಸಿ, ಅಕ್ಕಿ, ಉತ್ತತ್ತಿ, ಅರಿಷಿಣದ ಬೇರು, ಕೊಬ್ಬರಿ ಬಟ್ಟಲು, ಮೇಲೊಂದು ಖಣ ಹಾಕಿ ಉಡಿ ತುಂಬಬೇಕು. ಹೀಗೆ ಬಂದ ಖಣಗಳಲ್ಲಿ ಹೊಲಿಸಿಕೊಳ್ಳುವುದು ಒಂದೋ ಎರಡೋ. ಉಳಿದವು ಟ್ರಂಕಿಗೆ ಹೋಗುತ್ತವೆ, ಟ್ರಂಕಿನಿಂದ ಇನ್ನೊಬ್ಬಳ ಉಡಿಗೆ. ನಾನು ಐದನೆಯ ಇಯತ್ತೆಯಲ್ಲಿದ್ದಾಗ ನಮ್ಮ ಅವ್ವ ಬಣ್ಣ ಬಿಡುವ ಒಂದು ಕಳಪೆ ಖಣದ ಮೂಲೆಗೆ ಕರಿ ದಾರದ ಎರಡು ಹೊಲಿಗೆ ಹಾಕಿ ಇಳಕಲ್ಲಿನ ಬಳಗದವರೊಬ್ಬರಿಗೆ ದಾಟಿಸಿದಳು. ಒಂದೂವರೆ ವರ್ಷವಾದ ಮೇಲೆ ಹುನಗುಂದದ ಯಾವುದೋ ಮದುವೆಯಲ್ಲಿ ಅದೇ ಖಣ ಅವಳ ಉಡಿಗೇ ಬಂದು ಬಿತ್ತು. ಮನೆಗೆ ಬಂದವಳೇ ಹೊಲಿಗೆ ತೋರಿಸಿ, “ನಂದ ನನಗ ತಂದ ಹಾಕ್ಯಾರ ನೋಡ, ಎಂಥಾ ಜಿಪುಣ ಮಂದಿ!” ಎಂದು ರಾತ್ರಿ ಊಟದ ತನಕ ಬೈದಳು. ಅದನ್ನು ಮೊದಲು ಸಾಗಹಾಕಿದವಳು ತಾನೇ ಎಂಬುದು ಅವಳಿಗೆ ಹೊಳೆಯಲೇ ಇಲ್ಲ. ಮೂರು ಮನೆ ತಿರುಗಿ ಬಂದ ತುಂಡು ಬಟ್ಟೆಯನ್ನು ಗುರುತಿಸಿದ ಆ ಹೆಂಗಸಿಗೆ ಈಗ ನನ್ನ ಗುರುತಿಲ್ಲ. ಇದು ನನ್ನ ತಕರಾರು.

ಅವ್ವನಿಗೆ ಎಂಬತ್ತನಾಲ್ಕು. ಡಾಕ್ಟರು ಡಿಮೆನ್ಶಿಯಾ ಎಂದರು. ನಮ್ಮ ಓಣಿಯವರು ಅಷ್ಟು ದೂರ ಹೋಗದೆ ಅರಳುಮರಳು ಎಂದರು. ಅರವತ್ತಕ್ಕೆ ಅರಳುಮರಳು ಎಂಬ ಗಾದೆಯ ಪ್ರಕಾರ ಅರವತ್ತೆರಡಾದ ನನ್ನ ಸರದಿ ಎರಡು ವರ್ಷದ ಹಿಂದೆಯೇ ಬಂದಿದೆ. ಅವ್ವ ನನ್ನನ್ನು ಹಿಂದೆ ಹಾಕಿ ಕೂತಿದ್ದಾಳೆ. ಮೂವತ್ತು ವರ್ಷಕ್ಕೂ ಮೇಲೆ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತನಾಗಿ, ಇನ್ನು ಆರಾಮಾಗಿ ಪೇಪರ್ ಓದಿಕೊಂಡಿರೋಣ ಎಂದುಕೊಂಡಿದ್ದೆ. ಹೆಂಡತಿ ಶಾರದಾ ಇನ್ನೂ ಸೇವೆಯಲ್ಲಿದ್ದಾಳೆ, ಗುಡೂರಿನ ಪ್ರಾಥಮಿಕ ಶಾಲೆಯಲ್ಲಿ. ಬೆಳಿಗ್ಗೆ ಎಂಟಕ್ಕೆ ಬಸ್ಸು ಹತ್ತಿದಳೆಂದರೆ ಬಾಗಲಕೋಟೆಯ ವಿದ್ಯಾಗಿರಿಯ ನಮ್ಮ ಮನೆಗೆ ತಿರುಗಿ ಬರುವುದು ಸಂಜೆ ಆರೂವರೆಗೆ. ನಡುವಿನ ಹೊತ್ತೆಲ್ಲ ಅವ್ವ, ನಾನು.

ಅವ್ವನ ಮಟ್ಟಿಗೆ ಇದು ಯಾರದೋ ಮನೆ. ಅವಳು ಇಲ್ಲಿಗೆ ಬಂದ ಅತಿಥಿ, ನಾನು ಮನೆಯ ಯಜಮಾನ. ಬೆಳಗಿನಿಂದ ಬಹಳ ಸಭ್ಯಸ್ಥ ಅತಿಥಿಯಾಗಿಯೇ ಇರುತ್ತಾಳೆ. ಚಹಾ ಕೊಟ್ಟರೆ “ಯಾಕ ತ್ರಾಸ ತಗೊಂಡ್ರಿ” ಎನ್ನುತ್ತಾಳೆ. ಕಾಲು ಒತ್ತಲು ಹೋದರೆ ಗಾಬರಿಯಾಗಿ ಕಾಲು ಎಳೆದುಕೊಂಡು “ಅಯ್ಯ, ಬ್ಯಾಡ್ರಿ, ನೀವು ದೊಡ್ಡವರು” ಎನ್ನುತ್ತಾಳೆ. ಹುಟ್ಟಿದಾಗಿನಿಂದ ‘ಲೇ’, ‘ನೀ’, ಸಿಟ್ಟು ಬಂದರೆ ‘ಮೂಳ’ ಎಂದು ಕರೆಸಿಕೊಂಡು ಬೆಳೆದವನು ನಾನು. ಹೆತ್ತ ತಾಯಿಯ ಬಾಯಲ್ಲಿ ‘ರಿ’ ಕೇಳುವುದಕ್ಕಿಂತ ಆ ‘ಮೂಳ’ ಸಾವಿರ ಪಾಲು ಛಲೋ ಇತ್ತು.

ನಾಲ್ಕು ಗಂಟೆಯಾಯಿತೆಂದರೆ ಅತಿಥಿ ಏಳುತ್ತಾಳೆ. ಸೆರಗು ಸರಿಪಡಿಸಿಕೊಂಡು, ಕೈಚೀಲ ಹಿಡಿದು, “ಬರ್ತೇನ್ರಿ ಇನ್ನ. ಹೊತ್ತಾತು. ಅವರು ಅಂಗಡಿಯಿಂದ ಬರೂ ಹೊತ್ತು. ಒಂದ ಟಾಂಗಾ ತರಸ್ರಿ” ಎನ್ನುತ್ತಾಳೆ. ಟಾಂಗಾ ಎಲ್ಲಿಂದ ತರಲಿ? ಅವಳು ಹೋಗಬೇಕೆನ್ನುವ ಮನೆ ಹಳೇ ಊರಿನಲ್ಲಿತ್ತು. ಅಣೆಕಟ್ಟಿನ ಹಿನ್ನೀರು ಬಂದ ಮೇಲೆ ಅಲ್ಲಿ ಮೀನುಗಳು ಸಂಸಾರ ಹೂಡಿವೆ. ‘ಅವರು’ ಎಂದರೆ ನಮ್ಮ ಅಪ್ಪ. ಅಪ್ಪ ಹೋಗಿ ಹತ್ತು ವರ್ಷವಾಯಿತು.

ಮೊದಮೊದಲು ನಾನು ಇದನ್ನೆಲ್ಲ ಅವಳಿಗೆ ಬಿಡಿಸಿ ಹೇಳಲು ಹೋದೆ. ಗಣಿತದ ಮಾಸ್ತರ ನೋಡಿ. ಯಾರಾದರೂ ತಪ್ಪು ಉತ್ತರ ಹೇಳಿದರೆ ಬಾಯಿ ತುರಿಸುತ್ತದೆ. “ಅವ್ವಾ, ಅಪ್ಪ ತೀರಿಕೊಂಡು ಹತ್ತ ವರ್ಷ ಆತು” ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಎರಡೂ ಕೈಯಿಂದ ಎದೆ ಬಡಿದುಕೊಂಡು, “ನನಗ ಯಾರೂ ಹೇಳಲೇ ಇಲ್ಲಲ್ಲೋ” ಎಂದು ಕೂಗಿ ನೆಲಕ್ಕೆ ಕುಸಿದಳು. ಅಪ್ಪ ಹೋದ ದಿನ ಹೇಗೆ ಅತ್ತಿದ್ದಳೋ ಹಾಗೆಯೇ. ಮರುದಿನ ನಾಲ್ಕಕ್ಕೆ ಎಲ್ಲ ಮರೆತು ಮತ್ತೆ ಎದ್ದು “ಅವರು ಬರೂ ಹೊತ್ತು” ಎಂದಳು. ಹಠಮಾರಿ ನಾನು, ಮತ್ತೆ ಹೇಳಿದೆ. ಒಂದೇ ವಾರದಲ್ಲಿ ನಾಲ್ಕು ಸಲ ಹೇಳಿದೆ. ನಾಲ್ಕೂ ಸಲ ಅವಳು ಅದೇ ಮೊದಲು ಕೇಳಿದಂತೆ ಕೇಳಿದಳು. ನಾಲ್ಕನೆಯ ಸಲ ಶಾರದಾ ನನ್ನ ರಟ್ಟೆ ಹಿಡಿದು ಒಳಗೆಳೆದುಕೊಂಡು ಹೋಗಿ, “ಎಷ್ಟ ಸಲ ಕೊಲ್ಲತೀರಿ ಅವರನ್ನ?” ಎಂದಳು. ಆ ಮಾತನ್ನು ಇನ್ನೆಂದೂ ಅವ್ವನ ಕಿವಿಗೆ ಬೀಳಗೊಡಬಾರದೆಂದು ಅಂದೇ ಗಟ್ಟಿ ಮಾಡಿಕೊಂಡೆ. ನಾನು ಜೀವನದಲ್ಲಿ ಕೈಗೊಂಡ ಗಟ್ಟಿ ನಿರ್ಧಾರಗಳು ಹೆಚ್ಚಿಲ್ಲ, ಇದೊಂದು.

ನಿಜ ಹೇಳುವಂತಿಲ್ಲ, ಕಳಿಸುವಂತಿಲ್ಲ. ಅತ್ತ ದರಿ, ಇತ್ತ ಪುಲಿ. ಗೇಟಿಗೆ ಕೀಲಿ ಹಾಕಿದೆ. ಅವ್ವ ಗೇಟಿನ ಸರಳು ಹಿಡಿದು ನಿಂತು ಹೋಗಿಬರುವ ಕಾಲೇಜು ಹುಡುಗರನ್ನೆಲ್ಲ ಕರೆದು, “ಯಪ್ಪಾ, ಇವರು ನನ್ನ ಕೂಡಿಹಾಕ್ಯಾರ, ಬಿಡಸ್ರಿ” ಎನ್ನತೊಡಗಿದಳು. ಒಬ್ಬ ಹುಡುಗ ಮೊಬೈಲು ತೆಗೆದು ನನ್ನ ಫೋಟೋ ಹೊಡೆದುಕೊಂಡ. ಪೊಲೀಸರಿಗೆ ತೋರಿಸಲೋ ಏನೋ.

ಒಂದು ದಿನ ಕೀಲಿ ಹಾಕುವುದನ್ನು ಮರೆತೆ. ಮನೆಯಲ್ಲಿ ಮರೆವಿನ ಹಕ್ಕು ಅವ್ವನೊಬ್ಬಳಿಗೇ ಏನೂ ಬರೆದುಕೊಟ್ಟಿಲ್ಲವಲ್ಲ. ಎರಡು ಗಂಟೆ ನಾನು ಊರೆಲ್ಲ ಹುಡುಕಿ ಅಲೆದ ಮೇಲೆ ಕುಳಗೇರಿ ಕ್ರಾಸಿನ ಚಹಾದಂಗಡಿಯಿಂದ ಫೋನು ಬಂತು, ಅವ್ವ ಯಾವುದೋ ಬಸ್ಸು ಹತ್ತಿ ಹೋಗಿ ಅಲ್ಲಿ ಇಳಿದಿದ್ದಳು. ಅವ್ವನ ಕೈಚೀಲದ ಮೇಲೆ ನನ್ನ ನಂಬರು ಬರೆದಿಟ್ಟಿದ್ದು ಪುಣ್ಯ. ನಾನು ಬೆವರೊರೆಸಿಕೊಳ್ಳುತ್ತ ಹೋಗಿ ನೋಡಿದರೆ ಈಕೆ ಬೆಂಚಿನ ಮೇಲೆ ಕೂತು ಮಿರ್ಚಿ ತಿನ್ನುತ್ತ ಅಂಗಡಿಯವನಿಗೆ ನನ್ನ ಪರಿಚಯ ಮಾಡಿಕೊಡುತ್ತಿದ್ದಾಳೆ: “ಇವರಽ ನೋಡ್ರಿ. ಮಂದಿ ಛಲೋ ಅದಾರ. ಉಣ್ಣಾಕ ತಿನ್ನಾಕ ಏನೂ ಕಡಿಮಿ ಮಾಡಲಿಲ್ಲ. ಆದ್ರ ಬಂದವರನ್ನ ಕಳಸೂ ಪದ್ಧತಿ ಒಂದ ಗೊತ್ತಿಲ್ಲ.” ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ನನಗೆ ತಲೆ ಕೆಟ್ಟು ಕೆರ ಹಿಡಿದಿತ್ತು. ಆ ಮಾತಿನ ಅರ್ಥ ಆಗ ತಲೆಗೆ ಹೋಗಲಿಲ್ಲ.

ಅದು ತಲೆಗೆ ಹೋದದ್ದು ದವಾಖಾನೆಯ ಒಂದು ಸಭೆಯಲ್ಲಿ. ತಿಂಗಳಿಗೊಮ್ಮೆ ನನ್ನಂಥವರನ್ನು ಕೂಡಿಸಿ ಮಾತಾಡಿಸುತ್ತಾರೆ, ಬರ್ರಿ ಎಂದು ಡಾಕ್ಟರು ಹೇಳಿದ್ದರು. ಅವತ್ತು ಶಾರದಾ ರಜೆ ಹಾಕಿ ಅವ್ವನ ಹತ್ತಿರ ಕೂತಳು, ನಾನು ಹೋದೆ. ಬಾಗಿಲಲ್ಲಿ ಒಬ್ಬ ಹುಡುಗಿ ನನ್ನ ಅಂಗಿಗೆ ಚೀಟಿ ಅಂಟಿಸಿದಳು: ‘ಆರೈಕೆದಾರರು’. ತಹಶೀಲ್ದಾರ, ಜಮಾದಾರ, ಹವಾಲ್ದಾರ, ಗುತ್ತಿಗೆದಾರ ಎಲ್ಲರನ್ನೂ ಕಂಡಿದ್ದೇನೆ. ‘ದಾರ’ದ ಬಾಲವಿದ್ದೂ ಸಂಬಳವೂ ಇಲ್ಲದ, ಗಿಂಬಳವೂ ಇಲ್ಲದ, ವರ್ಗಾವಣೆಯನ್ನಂತೂ ಕೇಳಲೇಬಾರದ ಹುದ್ದೆ ಇದೊಂದೇ ಇರಬೇಕು.

ಸಭೆಯಲ್ಲಿ ನನ್ನ ಪಕ್ಕಕ್ಕೆ ಕೂತವನು ಬಾದಾಮಿ ಕಡೆಯ ಯಲ್ಲಪ್ಪ. ಕುರಿ ಕಾಯುವ ಮನೆತನ, ಬೀರಪ್ಪನ ಒಕ್ಕಲು. ಅವನು ನೋಡಿಕೊಳ್ಳುತ್ತಿದ್ದುದು ಅವನ ಅಪ್ಪನನ್ನು. ಮುದುಕ ದಿನಾ ಸಂಜೆಗೆ ಕುರಿ ಎಲ್ಲಿ ಎಂದು ಕೇಳುತ್ತಾನಂತೆ. ಕುರಿ ಮಾರಿ ಎಷ್ಟೋ ವರ್ಷವಾಗಿದೆ.

“ಮತ್ತ ನೀ ಏನಂತಿ?” ಎಂದು ಕೇಳಿದೆ.

“ಏನನ್ನೂದ್ರಿ ಸರ? ದೊಡ್ಡ್ಯಾಗ ಹಾಕೇನಿ, ಎಣಿಕಿ ಬರೋಬ್ಬರಿ ಐತಿ ಅಂತೇನಿ. ಮುದುಕ ಉಂಡ ಮಕ್ಕೋತೈತಿ.”

“ಅಲ್ಲೋ, ಅದು ಸುಳ್ಳಲ್ಲ?”

ಯಲ್ಲಪ್ಪ ನನ್ನನ್ನು ಕನಿಕರದಿಂದ ನೋಡಿದ. “ಸರ, ನಿಮಗ ಸಾಲಿ ಜಾಸ್ತಿ ಆಗೇತ್ರಿ. ಅಪ್ಪಗ ಬೇಕಾಗಿದ್ದು ಕುರಿ ಅಲ್ಲ. ಯಾರೋ ಒಬ್ಬಾಂವ ಎಣಸ್ಯಾನ ಅನ್ನೂದು ಬೇಕಾಗೇತಿ. ನಿಮ್ಮವ್ವಾರು ಏನ್ ಬೇಡತಾರ, ಅದನ್ನ ನೋಡ್ರಿ.”

ಅವ್ವ ಏನು ಬೇಡುತ್ತಿದ್ದಳು? ಕಳಿಸಿಕೊಡ್ರಿ ಎನ್ನುತ್ತಿದ್ದಳು. ಕಳಿಸುವ ಪದ್ಧತಿ ಗೊತ್ತಿಲ್ಲ ಎಂದು ಕುಳಗೇರಿ ಕ್ರಾಸಿನಲ್ಲಿ ಕೂತು ಸಾರಿದ್ದಳು. ದಾರಿಯುದ್ದಕ್ಕೂ ನನ್ನನ್ನು ನಾನೇ ಬೈದುಕೊಳ್ಳುತ್ತ ಮನೆಗೆ ಬಂದೆ.

ಮರುದಿನ ನಾಲ್ಕಕ್ಕೆ ಅವ್ವ ಎದ್ದಳು. ನಾನು ತಾಟಿನಲ್ಲಿ ಅಕ್ಕಿ, ಖಣ, ಅದೂ ಇದೂ ಇಟ್ಟುಕೊಂಡು ಎದುರಿಗೆ ನಿಂತು, “ಹಂಗ ಹೊಂಟ್ರ ಹೆಂಗ್ರಿ? ಉಡಿ ತುಂಬಸ್ಕೊಂಡ ಹೋಗ್ರಿ” ಎಂದೆ. ಅವ್ವನ ಮುಖ ಅರಳಿತು. ಮರುಗಳಿಗೆಯಲ್ಲೇ ಸಂಶಯ ಬಂತು.

“ನೀವ ತುಂಬತೀರಿ? ಗಂಡಸರು? ಮನ್ಯಾಗ ಹೆಣ್ಣಮಕ್ಕಳಿಲ್ಲೇನ್ರಿ?”

“ಅದಾಳ್ರಿ. ಸಾಲಿಗೆ ಹೋಗ್ಯಾಳ.”

“ಮದುವಿ ಆಗಿ ಇನ್ನೂ ಸಾಲೀಗೆ ಹೊಕ್ಕಾಳ? ಏನ್ ಕಾಲ ಬಂತವಾ.” ಸ್ವಲ್ಪ ಯೋಚಿಸಿ, “ಇರ್ಲಿ, ತುಂಬ್ರಿ. ಹೊತ್ತಾತು” ಎಂದು ಸೆರಗು ಒಡ್ಡಿದಳು.

ನನಗೆ ಉಡಿ ತುಂಬಲು ಎಲ್ಲಿ ಬರಬೇಕು? ಎಡಗೈ ಮುಂದೆ ಹೋಯಿತು. “ಬಲಗೈ ರೀ!” ಮೂರು ಮುಷ್ಟಿಗೆ ನಿಲ್ಲಿಸಿದೆ. “ಐದ ರೀ! ಮಾಸ್ತರ ಅಂತೀರಿ, ಎಣಸಾಕ ಬರೂದಿಲ್ಲೇನು?” ಒಂದು ಜಿಲ್ಲೆಯ ಮಕ್ಕಳಿಗೆ ಬೀಜಗಣಿತ ಕಲಿಸಿದವನಿಗೆ ಐದರ ಮಗ್ಗಿ ಹೇಳಿಸಿಕೊಂಡ ಹಾಗಾಯಿತು. ಹಣೆ ಮುಂದೆ ಮಾಡಿ ಕುಂಕುಮಕ್ಕೆ ನಿಂತಳು. ಹತ್ತು ವರ್ಷದಿಂದ ವಿಭೂತಿಯಷ್ಟೇ ಇದ್ದ ಹಣೆ ಅದು. ಒಂದು ಗಳಿಗೆ ನನ್ನ ಕೈ ತಡೆಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಹಚ್ಚಿದೆ.

ಈಗ ಪ್ರಶ್ನೆ ಬಂತು. ಉಡಿ ತುಂಬಿದ ಮೇಲೆ ಹೋಗಲೇಬೇಕಲ್ಲ? ಅವ್ವ ಹೊಸ್ತಿಲು ದಾಟಿಯೇಬಿಟ್ಟಳು. ನಾನು ಹಿಂದೆ ಓಡಿದೆ. ಗೇಟಿನ ಹೊರಗೆ ಬಲಕ್ಕೆ ತಿರುಗಿ, ಮನೆಯ ಬಾಜುವಿನ ಸಂದಿಯಲ್ಲಿ ನಡೆದು, ಹಿಂದಿನ ಓಣಿಗೆ ಬಂದು, ಅಲ್ಲಿಂದ ನಮ್ಮ ಹಿತ್ತಲ ಬಾಗಿಲಿಗೇ ಕರೆದುಕೊಂಡು ಬಂದೆ. ಬಾಗಿಲು ತೆರೆದು “ಬಂತ ನೋಡ್ರಿ ಮನಿ” ಎಂದೆ. ಅವ್ವ ಒಳಗೆ ಕಾಲಿಟ್ಟಳು. ಅಡುಗೆಮನೆಯನ್ನು ಒಮ್ಮೆ ನೋಡಿದಳು. ನೆಟ್ಟಗೆ ಅಕ್ಕಿ ಡಬ್ಬಿಯ ಹತ್ತಿರ ಹೋಗಿ ಉಡಿಯ ಅಕ್ಕಿಯನ್ನು ಅದರಲ್ಲಿ ಸುರಿದಳು. ಖಣ ಕಪಾಟಿನ ಮೇಲಿಟ್ಟಳು. ಆಮೇಲೆ ನನ್ನ ಕಡೆ ತಿರುಗಿ, “ಸಂಗ್ಯಾ, ಸಾಲಿ ಬಿಟ್ತೇನಲೇ? ಕೈಕಾಲ ತೊಳಕೊ, ಹಂಗ ಒಳಗ ಬರಬ್ಯಾಡ” ಎಂದಳು.

ನಾನು ಬಚ್ಚಲಿಗೆ ಹೋಗಿ ಕೈಕಾಲು ತೊಳೆದುಕೊಂಡೆ. ತೊಳೆದುಕೊಂಡು ಮುಗಿದ ಮೇಲೂ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡು ನಿಂತಿದ್ದೆ.

ಅಂದಿನಿಂದ ಇದೇ ನಮ್ಮ ದಿನಚರಿ. ಮುಂಬಾಗಿಲಿನಿಂದ ಹೊರಟು ಹಿತ್ತಲ ಬಾಗಿಲಿಗೆ ಬರುವುದು. ದೀಪ ಹಚ್ಚುವ ತನಕ ನಾನು ಸಂಗ್ಯಾ, ಆಮೇಲೆ ಮತ್ತೆ ‘ಯಾರ್ರಿ ನೀವು’. ಇದನ್ನು ಓದಿ ನೀವು ಕಣ್ಣು ಒರೆಸಿಕೊಳ್ಳುವ ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ಒಂದು ದಿನ ಮಾಡಿದರೆ ಚೆಂದ. ದಿನಾ ಮಾಡಿ ನೋಡಿ. ಮಳೆಯಿರಲಿ, ನನಗೆ ಮೊಣಕಾಲು ನೋವಿರಲಿ, ಟಿವಿಯಲ್ಲಿ ಮ್ಯಾಚಿನ ಕೊನೆಯ ಓವರಿರಲಿ, ನಾಲ್ಕಕ್ಕೆ ತಾಟು ಹಿಡಿಯಬೇಕು. ದಿನಾ ಅದೇ “ಮದುವಿ ಆಗಿ ಸಾಲಿಗೆ?” ದಿನಾ ಅದೇ “ಐದ ರೀ!” ಒಮ್ಮೆ ಶಾರದಾ ಉಡಿಯ ಕೊಬ್ಬರಿ ಬಟ್ಟಲನ್ನು ಚಟ್ನಿಗೆ ಹಾಕಿಬಿಟ್ಟಳು, ಮರುದಿನ ಅವ್ವ ಬರೀ ಅಕ್ಕಿಯ ಉಡಿ ಒಪ್ಪದೆ ಅರ್ಧ ಗಂಟೆ ನನ್ನನ್ನು ನಿಲ್ಲಿಸಿಕೊಂಡಳು. ಬಾಜು ಮನೆಯ ನಿವೃತ್ತ ಇಂಜಿನಿಯರು ದಿನವೂ ನಾವು ಮನೆ ಸುತ್ತುವುದನ್ನು ನೋಡಿ ನೋಡಿ ಕೊನೆಗೆ ತಡೆಯದೆ, “ಏನ್ ಸರ, ಸ್ವಂತ ಮನೀಗೆ ಪ್ರದಕ್ಷಿಣಿ?” ಎಂದರು. “ಹೌದ್ರಿ, ವಾಸ್ತು ದೋಷ ಐತಿ” ಎಂದೆ. ಮರುವಾರ ಅವರೂ ಹೆಂಡತಿಯ ಜೊತೆ ತಮ್ಮ ಮನೆ ಸುತ್ತುತ್ತಿದ್ದರು.

ಹೀಗೆ ಹೇಗೋ ನಡೆದಿತ್ತು. ಅಷ್ಟರಲ್ಲಿ ಇಳಕಲ್ಲಿನಿಂದ ನನ್ನ ತಂಗಿ ಸುವರ್ಣಾ ಬಂದಳು. ಬಂದ ಹೊತ್ತು ಸರಿಯಾಗಿ ನಾಲ್ಕು. ನಾನು ಅವ್ವನ ಹಣೆಗೆ ಕುಂಕುಮ ಹಚ್ಚುವುದನ್ನು ಬಾಗಿಲಲ್ಲೇ ನಿಂತು ನೋಡಿದಳು. ನಾವು ಸುತ್ತು ಮುಗಿಸಿ ಬಂದ ಮೇಲೆ ನನ್ನನ್ನು ಮೂಲೆಗೆ ಕರೆದಳು.

“ಅಣ್ಣಾ, ಏನಿದು? ಅಪ್ಪ ಹೋದ ಮ್ಯಾಲೆ ಆಕಿಗೆ ಕುಂಕುಮ, ಉಡಿ… ಮಂದಿ ಏನಂದಾರು?”

“ಮಂದಿ ಬಂದ ಗೇಟ ಕಾಯ್ತಾರೇನು?”

“ನಿನಗೆಲ್ಲಾ ಹುಡುಗಾಟ. ಅಪ್ಪ ಹೋಗಿದ್ದು ಆಕಿಗೆ ಗೊತ್ತೈತಿ. ಆಕಿ ಹೇಳಂಗಿಲ್ಲ ಅಷ್ಟ. ನೀ ಆಕಿಗೆ ಇಲ್ಲದ್ದು ತಲ್ಯಾಗ ತುಂಬಾಕತ್ತಿ.”

ನಾನು ನಾಲ್ಕು ಸಲ ಹೇಳಿ ಏನಾಯಿತೆಂದು ಬಿಡಿಸಿ ಹೇಳಿದೆ. ಆ ಮಾತು ಅವಳ ಮುಂದೆ ಎತ್ತಲೇಬೇಡ ಎಂದೆ. ಸುವರ್ಣಾ ಹೂಂ ಎಂದಳು. ಬಾಯಲ್ಲಿ ಹೂಂ ಇತ್ತು, ಕಣ್ಣಲ್ಲಿ ಇರಲಿಲ್ಲ. ಅವಳನ್ನೊಬ್ಬಳನ್ನೇ ಏನೆನ್ನಲಿ? ನಮ್ಮ ಎರಡೂ ಮನೆಯ ಗೋಡೆಗೆ ಬಸವಣ್ಣನ ಪಟವಿದೆ. ಅವಳ ಗಂಡ ಬಸವ ಜಯಂತಿಯ ದಿನ ಮೈಕು ಹಿಡಿದರೆ ಸೂತಕವಿಲ್ಲ, ಮೈಲಿಗೆಯಿಲ್ಲ, ಗಂಡು ಹೆಣ್ಣೆಂಬ ಭೇದವಿಲ್ಲ ಎಂದು ಮುಕ್ಕಾಲು ತಾಸು ಬಿಡುವುದಿಲ್ಲ. ಗಂಡ ಸತ್ತವಳ ಉಡಿಯ ಮಾತು ಬಂದರೆ ಅವರಿಗೂ ಕೆಮ್ಮು ಬರುತ್ತದೆ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ನಾನೇನು ಕಡಿಮೆಯೇ? ಅಪ್ಪ ಹೋದಾಗ ಅವ್ವನ ಕುಂಕುಮ ಒರೆಸುವುದನ್ನು ನೋಡುತ್ತ ಸುಮ್ಮನೆ ನಿಂತವರಲ್ಲಿ ನಾನೂ ಒಬ್ಬ.

ಎರಡು ತಿಂಗಳಿಗೆ ಸುವರ್ಣಾಳ ಮಗಳ ಕುಬಸ ಬಂತು. ಚೊಚ್ಚಿಲ ಬಸಿರಿಗೆ ತವರಿನಲ್ಲಿ ಹಸಿರು ಸೀರೆ ಉಡಿಸಿ ಉಡಿ ತುಂಬುವ ಕಾರ್ಯ. ಬೀಗರು ಹುನಗುಂದದವರು, ಭಾಳ ಪದ್ಧತಿಯ ಮಂದಿ. “ಅವ್ವನ್ನ ಕರ್ಕೊಂಡ ಬಾ. ಮೊಮ್ಮಗಳಿಗೆ ಆಶೀರ್ವಾದ ಮಾಡ್ಲಿ. ಆದ್ರ ಕುಂಕುಮ ಒರಸಿ ಕರ್ಕೊಂಡ ಬಾ, ನಿನಗ ಕೈ ಮುಗೀತೇನಿ. ಒಳಗಿನ ಖೋಲ್ಯಾಗ ಕುಂದ್ರಸೂಣು” ಎಂದು ಫೋನಿನಲ್ಲಿ ಹೇಳಿದಳು. ಆಗಲೇ ಬರುವುದಿಲ್ಲ ಎನ್ನಬೇಕಿತ್ತು. ತಂಗಿ ಅಳುತ್ತಾಳೆಂದು ಆಯಿತು ಎಂದೆ. ಅವ್ವನ ಬಾಜು ಬಿಟ್ಟು ಕದಲಬಾರದು ಎಂದು ಶಾರದಾ ತಾಕೀತು ಮಾಡಿದಳು. ಅವಳಿಗೆ ಶಾಲೆಯಲ್ಲಿ ತಪಾಸಣೆ ಇತ್ತು, ಬರಲಿಲ್ಲ.

ಹೆಣ್ಣುಮಕ್ಕಳ ಕಾರ್ಯದಲ್ಲಿ ಗಂಡಸು ಎಷ್ಟು ಹೊತ್ತು ಬಾಜುವಿಗೆ ಕೂತಾನು? ಒಳಗಿನ ಕೋಣೆಯಲ್ಲಿ ಅವ್ವನ ಹತ್ತಿರ ಕೂತಿದ್ದವನನ್ನು ಸುವರ್ಣಾಳ ಗಂಡ ಊಟಕ್ಕೆ ಏಳಿ ಎಂದು ಎಬ್ಬಿಸಿದರು. ಹೂರಣದ ಹೋಳಿಗೆ, ಮೇಲೆ ತುಪ್ಪ. ಒಂದು ತಿಂದು ಏಳಬಹುದಿತ್ತು. ಎರಡನೆಯದಕ್ಕೆ ತುಪ್ಪ ಹಾಕಿಸಿಕೊಳ್ಳುತ್ತಿದ್ದಾಗ ನಡುಮನೆಯ ಗದ್ದಲ ಒಮ್ಮೆಲೇ ನಿಂತದ್ದು ಕೇಳಿತು. ಎಲೆ ಬಿಟ್ಟು ಓಡಿದೆ.

ಅವ್ವ ಎದ್ದು ಬಂದು ಬಸಿರಿ ಹುಡುಗಿಯ ಬಾಜುವಿಗೆ, ಇನ್ನೊಂದು ಮಣೆಯ ಮೇಲೆ ಸೆರಗು ಒಡ್ಡಿಕೊಂಡು ಕೂತಿದ್ದಳು. ಬೀಗತಿ ಮುಷ್ಟಿಯಲ್ಲಿ ಅಕ್ಕಿ ಹಿಡಿದು ಏನು ಮಾಡುವುದೆಂದು ತಿಳಿಯದೆ ನಿಂತಿದ್ದರು. ಗಡಿಯಾರ ನೋಡಿದೆ, ನಾಲ್ಕಾಗಿ ಐದು ನಿಮಿಷ.

“ಏನ್ರೀ, ನನಗ ಯಾಕ ತುಂಬವಲ್ರಿ? ಹೊತ್ತಾತು, ಅವರು ಅಂಗಡಿಯಿಂದ ಬರ್ತಾರ” ಎಂದಳು ಅವ್ವ.

ಸುವರ್ಣಾಳ ಮುಖ ಕೆಂಪಾಗಿತ್ತು. “ಅವ್ವಾ, ಏಳ. ನಿನಗ ತುಂಬಂಗಿಲ್ಲ.”

“ಯಾಕ?”

“ಸುವರ್ಣಾ!” ಎಂದು ನಾನು ಕೂಗಿದೆ.

ಅಷ್ಟರಲ್ಲಿ ಅವಳ ಬಾಯಿಂದ ಬಂದುಬಿಟ್ಟಿತ್ತು. “ಅಪ್ಪ ಹೋಗಿ ಹತ್ತ ವರ್ಷ ಆತಲ್ಲವಾ!”

ಮುಂದಿನದನ್ನು ಬರೆಯಲು ನನಗೆ ಇಷ್ಟವಿಲ್ಲ. ಅವ್ವ ಹಣೆಗೆ ಕೈ ಒಯ್ದಳು. ಅಲ್ಲಿ ಕುಂಕುಮವಿರಲಿಲ್ಲ, ಬೆಳಿಗ್ಗೆ ನಾನೇ ಒರೆಸಿದ್ದೆ. ಬೆರಳು ನೋಡಿಕೊಂಡಳು. ಆಮೇಲೆ ಅವಳು ಅತ್ತದ್ದಕ್ಕೆ ಇಡೀ ಮನೆ ಅತ್ತಿತು. ಪದ್ಧತಿಯ ಬೀಗತಿಯೂ ಅಕ್ಕಿ ಕೆಳಗೆ ಹಾಕಿ ಅವಳನ್ನು ತಬ್ಬಿಕೊಂಡರು. ಸುವರ್ಣಾ ಗೋಡೆಗೆ ಒರಗಿ, “ಗೊತ್ತೈತಿ ಅನ್ಕೊಂಡಿದ್ನೋ ಅಣ್ಣಾ, ಆಕಿಗೆ ಖರೇನಽ ಗೊತ್ತೈತಿ ಅನ್ಕೊಂಡಿದ್ನಿ” ಎಂದು ಅದನ್ನೇ ಹೇಳುತ್ತಿದ್ದಳು. ಅಷ್ಟು ಮಂದಿಯೆದುರು ಅವಳನ್ನು ಬಾಯಿಗೆ ಬಂದಂತೆ ಬೈದೆ. ನನ್ನ ಕೈಯಲ್ಲಿ ಹೋಳಿಗೆಯ ತುಪ್ಪ ಇನ್ನೂ ಅಂಟಂಟಾಗಿತ್ತು.

ಬಾಡಿಗೆ ಕಾರಿನಲ್ಲಿ ತಿರುಗಿ ಬರುವಾಗ ಹುನಗುಂದ ದಾಟುವಷ್ಟರಲ್ಲಿ ಅವ್ವ ಅಳು ನಿಲ್ಲಿಸಿದಳು. ಅಮೀನಗಡದಲ್ಲಿ ಕಿಟಕಿಯಿಂದ ನೋಡಿ, “ಇಲ್ಲಿ ಕರದಂಟ ಛಲೋ ಸಿಗತೈತ್ರಿ” ಎಂದಳು. ಮರೆತಳು, ಬದುಕಿದೆ ಎಂದುಕೊಂಡು ಅರ್ಧ ಕಿಲೋ ಕಟ್ಟಿಸಿಕೊಂಡೆ.

ಆದರೆ ಮರುದಿನ ನಾಲ್ಕಕ್ಕೆ ಅವಳು ಏಳಲಿಲ್ಲ. ಅದರ ಮರುದಿನವೂ ಇಲ್ಲ. ಸುದ್ದಿ ಮರೆತಿದ್ದಳು, ಭಾರ ಹಾಗೇ ಉಳಿದಿತ್ತು. ಕುರ್ಚಿಯಲ್ಲಿ ಕೂತು ಮಡಿಲಲ್ಲಿ ಕೈಯಿಟ್ಟುಕೊಂಡು ನೆಲ ನೋಡುತ್ತಿದ್ದಳು. ಅನ್ನ ಅರ್ಧಕ್ಕೆ ಬಿಡುತ್ತಿದ್ದಳು. ಸುವರ್ಣಾ ದಿನಕ್ಕೆ ಮೂರು ಸಲ ಫೋನು ಮಾಡಿ, “ಇವತ್ತರ ಎದ್ಲೇನೋ?” ಎಂದು ಕೇಳುತ್ತಿದ್ದಳು. ಇಲ್ಲವೆಂದರೆ ಅಳು. ದಿನಾ ನಾಲ್ಕು ಗಂಟೆಯಾದರೆ ಮೈ ಪರಚಿಕೊಳ್ಳುತ್ತಿದ್ದವನು ನಾನು. ಈಗ ಅವಳು ಏಳಲೊಲ್ಲಳೆಂದು ಮೈ ಪರಚಿಕೊಂಡೆ. ನನಗೆ ಅವಳನ್ನು ಹಿತ್ತಲ ಬಾಗಿಲಿಗೆ ತರುವುದು ಬೇಕಾಗಿತ್ತು. ಖರೆ ಹೇಳಬೇಕೆಂದರೆ ಆ ಎರಡು ತಾಸು ಅವಳಿಗಿಂತ ಹೆಚ್ಚಾಗಿ ನನಗೇ ಬೇಕಾಗಿತ್ತು.

ನಾಲ್ಕನೆಯ ದಿನ ತಡೆಯಲಾಗಲಿಲ್ಲ. ನಾನೇ ತಾಟು ಹಿಡಿದು ಹೋಗಿ ಎದುರಿಗೆ ಕೂತು, “ಹೊತ್ತಾತಲ್ರಿ, ಹೋಗಂಗಿಲ್ಲೇನು? ಉಡಿ ತುಂಬತೇನಿ” ಎಂದೆ.

ಅವ್ವ ಸೆರಗನ್ನು ಎಳೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು. “ಬ್ಯಾಡ್ರಿ. ಈ ಮನ್ಯಾಗ ಯಾರೋ ಹೋಗ್ಯಾರ. ನಿಮ್ಮ ಮಾರಿ ನೋಡಿದ್ರ ತಿಳೀತೈತಿ. ಸಾವಿನ ಮನ್ಯಾಗ ಉಡಿ ತುಂಬಸ್ಕೋತಾರೇನ್ರಿ ಯಾರಾದ್ರೂ?”

ಯಾರೂ ಹೋಗಿಲ್ಲ ಎನ್ನಬೇಕಿತ್ತು. ಯಲ್ಲಪ್ಪನಾಗಿದ್ದರೆ ಅಂದಿರುತ್ತಿದ್ದ.

“ಯಾರ್ರಿ ಹೋದವರು?” ಎಂದು ಮೆಲ್ಲಗೆ ಕೇಳಿದಳು.

“ನಮ್ಮಪ್ಪ” ಎಂದೆ. ಅಪ್ಪ ಹೋದ ದಿನ ಮಂದಿಗೆ ಫೋನು ಮಾಡುವುದು, ಗಾಡಿ ತರಿಸುವುದು, ಅವ್ವನನ್ನು ಹಿಡಿಯುವುದು ಇದೇ ಆಗಿ ನನಗೆ ಅಳಲು ಪುರಸತ್ತು ಸಿಕ್ಕಿರಲಿಲ್ಲ. ಆ ಅಳು ಹತ್ತು ವರ್ಷ ಎಲ್ಲಿ ಕೂತಿತ್ತೋ, ಈಗ ಬಂತು. ಅಕ್ಕಿಯ ತಾಟು ಕೆಳಗಿಟ್ಟು ಮುಖ ಮುಚ್ಚಿಕೊಂಡೆ.

ಅವ್ವ ಕುರ್ಚಿಯಿಂದ ಬಗ್ಗಿ ನನ್ನ ಬೆನ್ನ ಮೇಲೆ ಕೈಯಿಟ್ಟಳು. “ಅಳ್ರಿ, ಅಳ್ರಿ. ಅಪ್ಪ ಅಂದ್ರ ಏನ್ ಸಣ್ಣ ಮಾತ?” ಬೆನ್ನು ಸವರುತ್ತ, “ನಿಮ್ಮವ್ವ ಅದಾಳೇನ್ರಿ?” ಎಂದಳು.

“ಅದಾಳ್ರಿ.”

“ಒಳಗದಾಳ?”

“ಹೂಂ ರಿ.”

“ಮತ್ತ ಹೊರಗಿನಾಕಿ ಮುಂದ ಕುಂತ ಏನ್ ಮಾಡಾಕತ್ತೀರಿ? ಏಳ್ರಿ. ಆಕಿ ಹತ್ರ ಹೋಗಿ ಕುಂಡ್ರಿ. ಗಂಡನ್ನ ಕಳಕೊಂಡಾಕಿಗೆ ಮಗ ಬಾಜೂಕ ಬೇಕು.”

ಎದ್ದು ಅಡುಗೆಮನೆಗೆ ಹೋದೆ. ಒಂದು ವಾಟಗ ನೀರು ಕುಡಿದೆ. ಮತ್ತೆಲ್ಲಿಗೆ ಹೋಗಲಿ? ತಿರುಗಿ ಬಂದು ಅವಳ ಕಾಲ ಹತ್ತಿರವೇ ಕೂತೆ.

“ಹೆಂಗದಾಳ್ರಿ?”

“ಅಳೂದ ನಿಲ್ಲಿಸ್ಯಾಳ್ರಿ. ಆದ್ರ ಊಟ ಸೇರವಲ್ದು.”

“ಸೇರಂಗಿಲ್ಲ ಈಗ. ಒತ್ತಾಯ ಮಾಡಬ್ಯಾಡ್ರಿ. ನಾ ನಿನ್ನ ಮಗ ಅದೇನಿ, ಇಲ್ಲೇ ಅದೇನಿ ಅಂತ ಆಕಿಗೆ ಹೇಳ್ರಿ.”

“ಭಾಳ ಸಲ ಹೇಳೇನ್ರಿ” ಎಂದೆ. “ಆಕಿಗೆ ತಿಳೀವಲ್ದು.”

ಅವ್ವ ನನ್ನನ್ನು ನೋಡಿದಳು. ದಡ್ಡ ಹುಡುಗನನ್ನು ನೋಡುವಂತೆ, ಸ್ವಲ್ಪ ಬೇಸರದಿಂದಲೇ ನೋಡಿದಳು.

“ಮತ್ತೊಮ್ಮೆ ಹೇಳ್ರಿ.”